ಕೇರ್ ಹೋಮ್ ಕೆಲಸವೋ, ರಿಸರ್ಚ್ ಕೆಲಸವೋ ಅಂತ ಕೇಳಿದ್ದಿರಲ್ಲ

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ ಇಂಗ್ಲೆಂಡಿಗೆ ಬಂದಿದ್ದೀರಿ. ವಾರಕ್ಕೆ 20 ಗಂಟೆ ಒಂದು ಕೇರ್ ಹೋಮಿನಲ್ಲಿ, ಅಂದರೆ ವಯಸ್ಸಾದವರು ಉಳಿದು ಆರೈಕೆ ಪಡೆಯುವ ಮನೆಯಲ್ಲಿ, ಅವರನ್ನು ನೋಡಿಕೊಳ್ಳುವ ಕೇರರ್ ಕೆಲಸ. ಕೋರ್ಸು ಮುಗಿಯುತ್ತಾ ಬಂತು. ಮ್ಯಾನೇಜರ್ "ಇಲ್ಲೇ ಇರಿ, ನಿಮ್ಮ ವೀಸಾಕ್ಕೆ ನಾವೇ ಸ್ಪಾನ್ಸರ್ ಆಗುತ್ತೇವೆ" ಅಂದಿದ್ದಾರೆ. ಇನ್ನೊಂದು ಕಡೆ, ವಯಸ್ಸಾದವರ ದೀರ್ಘಕಾಲದ ಆರೈಕೆ ಬಗ್ಗೆ ಅಧ್ಯಯನ ಮಾಡುವ ತಂಡದಲ್ಲಿ ರಿಸರ್ಚ್ ಅಸಿಸ್ಟೆಂಟ್ ಹುದ್ದೆ ಕಣ್ಣಿಗೆ ಬಿದ್ದಿದೆ. ಯಾವುದನ್ನು ಹಿಡಿಯಲಿ, ಇಲ್ಲಿ ಬದುಕು ಹೇಗಿರುತ್ತದೆ ಅಂತ ಕೇಳಿದ್ದೀರಿ.

ನಾನು ಮೊದಲು ಕೇರರ್ ಆಗಿದ್ದವಳು, ಈಗ ಇಂಥದ್ದೇ ಒಂದು ತಂಡದಲ್ಲಿ ಕೇರ್ ಹೋಮುಗಳಿಗೆ ಹೋಗಿ ಮಾಹಿತಿ ಸಂಗ್ರಹಿಸುವವಳು. ಎರಡೂ ಕಡೆ ನಿಂತು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಒಂದು ಹೋಮಿನಲ್ಲಿ ಅಲ್ಲಿನ ಅಜ್ಜ ಅಜ್ಜಿಯರ ದಿನ ಹೇಗೆ ಕಳೆಯುತ್ತದೆ ಅನ್ನುವುದನ್ನು ತೀರ್ಮಾನಿಸುವ ಸಂಗತಿಗಳೇ ಅಲ್ಲಿ ಕೆಲಸ ಮಾಡುವವರ ದಿನವನ್ನೂ ತೀರ್ಮಾನಿಸುತ್ತವೆ. ಹಾಗಾಗಿ ರಿಸರ್ಚ್ ಏನು ಹೇಳುತ್ತದೆ ಅನ್ನುವುದು ಕೇರರ್ ಆಗಿ ಉಳಿಯುವವರಿಗೇ ಜಾಸ್ತಿ ಬೇಕು.

ಮೊದಲು ವೀಸಾ ವಿಷಯ ಮುಗಿಸಿಬಿಡೋಣ. ಸ್ಪಾನ್ಸರ್‌ಶಿಪ್‌ಗೆ ಈಗಲೇ ಹೂಂ ಅನ್ನಬೇಡಿ. ಇಲ್ಲಿ ಓದು ಮುಗಿಸಿದವರಿಗೆ ಕೊಡುವ ಗ್ರಾಜುಯೇಟ್ ವೀಸಾ ನಿಮಗೆ ಸಿಗುತ್ತದೆ. 2026 ಮುಗಿಯುವುದರೊಳಗೆ ಅರ್ಜಿ ಹಾಕಿದರೆ ಎರಡು ವರ್ಷ, 2027ರ ಜನವರಿ 1ರಿಂದ ಎಂಎಸ್ಸಿಯವರಿಗೆ 18 ತಿಂಗಳು. ಅದರಲ್ಲಿ ಯಾರ ಹಂಗೂ ಇಲ್ಲದೆ ಕೆಲಸ ಬದಲಿಸಬಹುದು. ಕೇರರ್ ಕೆಲಸಕ್ಕೆ ಹೊರದೇಶದಿಂದ ನೇರವಾಗಿ ಜನರನ್ನು ಕರೆಸುವುದು 2025ರ ಜುಲೈ 22ಕ್ಕೆ ನಿಂತುಹೋಯಿತು. ಇಲ್ಲೇ ಇರುವವರು 2028ರ ಜುಲೈವರೆಗೆ ಬೇರೆ ವೀಸಾದಿಂದ ಕೇರರ್ ವೀಸಾಕ್ಕೆ ಬದಲಿಸಿಕೊಳ್ಳಬಹುದು, ಅದಕ್ಕೂ ಮುಂಚೆ ಅದೇ ಮಾಲೀಕರ ಬಳಿ ಮೂರು ತಿಂಗಳು ಕಾನೂನುಬದ್ಧವಾಗಿ ದುಡಿದಿರಬೇಕು. 2024ರ ಮಾರ್ಚ್ 11ರಿಂದ ಕೇರರ್ ವೀಸಾ ಪಡೆಯುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. 2025ರ ಮೇ ತಿಂಗಳ ಸರ್ಕಾರದ ಶ್ವೇತಪತ್ರದಲ್ಲಿ ಖಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ ಅನ್ನುವ ಪ್ರಸ್ತಾಪ ಬಂತು. ಐದು ವರ್ಷ ಹಲ್ಲು ಕಚ್ಚಿಕೊಂಡು ಇದ್ದರೆ ಆಯಿತು ಅನ್ನುವ ಹಳೆಯ ಲೆಕ್ಕವನ್ನು ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಿ ಬನ್ನಿ. ಇನ್ನೊಂದು ವಿಷಯ, ನಿಮ್ಮದು ನರ್ಸಿಂಗ್ ಪದವಿ. ಇಲ್ಲಿ ನರ್ಸ್ ಆಗಲು ಬೇಕಾದ ಎನ್ಎಂಸಿ (ನರ್ಸಿಂಗ್ ಮಂಡಳಿ) ನೋಂದಣಿಗೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಎಲ್ಲ ದಾಟಬೇಕು ನಿಜ. ಆದರೆ ಅದು ಆದರೆ ಕೇರರ್ ವೀಸಾದ ಈ ಗೋಜಲೇ ನಿಮಗೆ ಬೇಕಾಗಿಲ್ಲ. ಇದನ್ನು ನಿಮ್ಮ ಮ್ಯಾನೇಜರ್ ಹೇಳಲಿಕ್ಕಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಆಸ್ಪತ್ರೆಯಲ್ಲಿ ಕಲಿತವರಿಗೆ ಫಲಿತಾಂಶ ಅಂದರೆ ಜ್ವರ ಇಳಿಯುವುದು, ಗಾಯ ಮಾಯುವುದು, ಡಿಸ್ಚಾರ್ಜ್. ಕೇರ್ ಹೋಮಿನಲ್ಲಿ ಅದು ನಡೆಯುವುದಿಲ್ಲ. ಡಿಮೆನ್ಷಿಯಾ ಮುಂದುವರಿಯುತ್ತಲೇ ಇರುತ್ತದೆ, ನಡೆಯುತ್ತಿದ್ದವರು ವೀಲ್‌ಚೇರಿಗೆ ಬರುತ್ತಾರೆ, ಕೊನೆಗೆ ತೀರಿಕೊಳ್ಳುತ್ತಾರೆ. ಹಾಗಾದರೆ ಆರೈಕೆ ಚೆನ್ನಾಗಿತ್ತು ಅಂತ ಅಳೆಯುವುದು ಹೇಗೆ? ಕೆಂಟ್ ವಿಶ್ವವಿದ್ಯಾಲಯದ ಪಿಎಸ್ಎಸ್ಆರ್‌ಯು, 1974ರಲ್ಲಿ ಶುರುವಾದ ಸಂಶೋಧನಾ ಘಟಕ, ಇದಕ್ಕೆ ಆಸ್ಕಾಟ್ ಅನ್ನುವ ಅಳತೆಯನ್ನು ರೂಪಿಸಿತು. ಅದರಲ್ಲಿ ಎಂಟು ವಿಷಯಗಳಿವೆ: ತನ್ನ ದಿನದ ಮೇಲೆ ತನಗಿರುವ ಹಿಡಿತ, ಮೈ ಶುಚಿ ಮತ್ತು ಆರಾಮ, ಊಟ ನೀರು, ಸುರಕ್ಷತೆ, ಜನರ ಒಡನಾಟ, ಹೊತ್ತು ಕಳೆಯುವ ಬಗೆ, ಇರುವ ಜಾಗದ ಶುಚಿ, ಮತ್ತೆ ಮರ್ಯಾದೆ. ಒಂದೊಂದನ್ನೂ ನಾಲ್ಕು ಹಂತಗಳಲ್ಲಿ ನೋಡುತ್ತಾರೆ. ಈಗ ಹೇಗಿದೆ ಅಂತ ಕೇಳುವುದರ ಜೊತೆಗೆ, ಈ ಸಹಾಯ ಇಲ್ಲದಿದ್ದರೆ ಹೇಗಿರುತ್ತಿತ್ತು ಅಂತಲೂ ಕೇಳುತ್ತಾರೆ. ಎರಡರ ನಡುವಿನ ಅಂತರವೇ ಆರೈಕೆಯಿಂದ ಆದ ಲಾಭ.

ನಿಮ್ಮ ಶಿಫ್ಟಿಗೇ ಇದನ್ನು ಹಚ್ಚಿ ನೋಡಿ. ಬೆಳಗಿನ ಪಾಳಿಯಲ್ಲಿ ಜನ ಕಡಿಮೆ ಅಂತ ರಾತ್ರಿ ಪಾಳಿಯವರು ಐದೂವರೆಗೇ ಅಜ್ಜಿಯನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ಹಾಕಿ ಲೌಂಜಿನಲ್ಲಿ ಕೂರಿಸುತ್ತಾರೆ. ಶುಚಿಗೆ ಪೂರ್ತಿ ಅಂಕ. ಕೇರ್ ಪ್ಲಾನಿನಲ್ಲೂ ಟಿಕ್ ಬೀಳುತ್ತದೆ. ಆದರೆ ಆಕೆ ಜೀವನವಿಡೀ ಎಂಟಕ್ಕೆ ಏಳುತ್ತಿದ್ದವರು, ಕುರ್ಚಿಯಲ್ಲಿ ತೂಕಡಿಸುತ್ತಾ ಕೂತಿದ್ದಾರೆ. ಹಿಡಿತ ಅನ್ನುವ ಸಾಲಿನಲ್ಲಿ ಸೊನ್ನೆ. ಹಾಗೆ ಎಬ್ಬಿಸಿದವರು ಕೆಟ್ಟವರಲ್ಲ, ರೋಟಾ, ಅಂದರೆ ಪಾಳಿ ಪಟ್ಟಿ, ಹಾಗಿತ್ತು. ಆಕೆ ಎಂಟಕ್ಕೆ ಏಳುವವರು ಅಂತ ಗೊತ್ತಿದ್ದ ಕೇರರ್ ಹಿಂದಿನ ತಿಂಗಳು ಕೆಲಸ ಬಿಟ್ಟಿದ್ದರು.

ನಮ್ಮ ಕೆಲಸದಲ್ಲಿ ಇದು ಇನ್ನೊಂದು ರೀತಿ ಎದುರಾಗುತ್ತದೆ. ಮಾತಾಡಲು ಆಗದವರ ವಿಷಯದಲ್ಲಿ ನಾವು ಲೌಂಜಿನಲ್ಲಿ ಕೂತು ಗಮನಿಸುತ್ತೇವೆ, ಮನೆಯವರನ್ನು ಕೇಳುತ್ತೇವೆ, ಕೇರರನ್ನು ಕೇಳುತ್ತೇವೆ. ಕೇರರ್ ತಾತ್ಕಾಲಿಕ ಕೆಲಸಗಾರರನ್ನು ಕಳಿಸುವ ಏಜೆನ್ಸಿಯಿಂದ ಬಂದವರಾದರೆ "ನಾನು ಇವತ್ತೇ ಮೊದಲು ಬಂದದ್ದು" ಅನ್ನುತ್ತಾರೆ. ಅಲ್ಲಿಗೆ ನನ್ನ ಪ್ರಶ್ನಾವಳಿ ಮುಗಿಯಿತು. ಜನ ನಿಲ್ಲದ ಹೋಮಿನಲ್ಲಿ ಆರೈಕೆ ಹಾಳಾಗುವುದು ಒಂದು ಕಡೆ, ಹಾಳಾಗಿದೆ ಅಂತ ಹೇಳಬಲ್ಲವರೂ ಉಳಿದಿರುವುದಿಲ್ಲ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಸ್ಕಿಲ್ಸ್ ಫಾರ್ ಕೇರ್ ಸಂಸ್ಥೆ ಪ್ರತಿ ವರ್ಷ ಇಂಗ್ಲೆಂಡಿನ ಆರೈಕೆ ಕಾರ್ಮಿಕರ ಅಂಕಿ ಅಂಶ ಹೊರತರುತ್ತದೆ. ಕೆಂಟ್‌ನವರು ಆ ಮಾಹಿತಿಯನ್ನು ಕೇರ್ ಹೋಮುಗಳನ್ನು ತಪಾಸಣೆ ಮಾಡುವ ಸಿಕ್ಯೂಸಿ ಸಂಸ್ಥೆ ಕೊಡುವ ರೇಟಿಂಗ್ ಜೊತೆ ಇಟ್ಟು ನೋಡಿದಾಗ, ಕೆಲಸಗಾರರು ಉಳಿಯುವ ಹೋಮುಗಳಿಗೆ ಒಳ್ಳೆಯ ರೇಟಿಂಗ್ ಇರುವುದು ಕಂಡಿತು. ಇದಕ್ಕಿಂತ ನನಗೆ ಗಟ್ಟಿ ಅನಿಸುವುದು ಕೋವಿಡ್ ಕಾಲದ ವಿವಾಲ್ಡಿ ಅಧ್ಯಯನ. 2020ರ ಮೇ ಜೂನ್‌ನಲ್ಲಿ 5,000ಕ್ಕೂ ಹೆಚ್ಚು ಕೇರ್ ಹೋಮುಗಳ ಮ್ಯಾನೇಜರುಗಳನ್ನು ಕೇಳಿದರು. ಕಾಯಿಲೆ ಬಿದ್ದು ಮನೆಯಲ್ಲಿ ಉಳಿದ ಕೆಲಸಗಾರರಿಗೆ ಸಂಬಳ (ಸಿಕ್ ಪೇ) ಕೊಡುವ ಹೋಮುಗಳಲ್ಲಿ ರೆಸಿಡೆಂಟುಗಳಿಗೆ ಸೋಂಕು ಕಡಿಮೆ ಇತ್ತು, ಹೊರಗಿನ ತಾತ್ಕಾಲಿಕ ಸ್ಟಾಫನ್ನು ಪದೇ ಪದೇ ಕರೆಸುವ ಕಡೆ ಜಾಸ್ತಿ ಇತ್ತು. ಯೋಚಿಸಿದರೆ ಸರಳ. ಕೆಮ್ಮು ಬಂತು, ಮನೆಯಲ್ಲಿ ಉಳಿದರೆ ಬಾಡಿಗೆ ಕಟ್ಟಲಾಗದು, ಆದ್ದರಿಂದ ಕೆಲಸಕ್ಕೆ ಹೋಗುತ್ತಾರೆ. ಒಬ್ಬರೇ ವಾರದಲ್ಲಿ ಮೂರು ಹೋಮಿಗೆ ಹೋದರೆ ವೈರಸ್ಸೂ ಮೂರು ಹೋಮಿಗೆ ಹೋಗುತ್ತದೆ. ಸಿಕ್ ಪೇ ಅನ್ನುವುದು ಎಚ್ಆರ್ ವಿಷಯ ಅಂತ ನಾವು ಅಂದುಕೊಂಡಿದ್ದೆವು, ಅದು ಜೀವ ಉಳಿಸುವ ವಿಷಯವಾಗಿತ್ತು.

ಆದರೆ ಇಲ್ಲೊಂದು ಸಿಕ್ಕು ಇದೆ, ನಿಮಗೆ ನೇರವಾಗಿ ಸಂಬಂಧಿಸಿದ್ದು. 2021-22ರಲ್ಲಿ ಈ ಕ್ಷೇತ್ರದಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಹುದ್ದೆ ಖಾಲಿ ಇದ್ದವು. 2022ರ ಫೆಬ್ರವರಿಯಲ್ಲಿ ಕೇರರ್‌ಗಳಿಗೆ ವೀಸಾ ತೆರೆದರು. 2023-24ರ ಒಂದೇ ವರ್ಷದಲ್ಲಿ ಸುಮಾರು 1,05,000 ಜನ ಹೊರದೇಶಗಳಿಂದ ಬಂದು ಕೆಲಸಕ್ಕೆ ಸೇರಿದರು. ಖಾಲಿ ಹುದ್ದೆ ಇಳಿದವು, ಕೆಲಸ ಬಿಡುವವರೂ ಕಡಿಮೆಯಾದರು. ಚಾರ್ಟಿನಲ್ಲಿ ನೋಡಲು ಖುಷಿ. ಅವರಲ್ಲಿ ಎಷ್ಟು ಜನ ಇಷ್ಟಪಟ್ಟು ನಿಂತರು, ಎಷ್ಟು ಜನ ಬಿಟ್ಟರೆ ವೀಸಾ ಹೋಗುತ್ತದೆ ಅಂತ ನಿಂತರು ಅನ್ನುವುದು ಆ ಗೆರೆಯಲ್ಲಿ ಕಾಣುವುದಿಲ್ಲ. ಮಾಲೀಕರ ಸ್ಪಾನ್ಸರ್ ಲೈಸೆನ್ಸ್ ರದ್ದಾದರೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಆ ಹೆದರಿಕೆಯಲ್ಲಿ ಯಾರು ತಾನೇ ರೋಟಾ ಬಗ್ಗೆ ದೂರು ಕೊಡುತ್ತಾರೆ? ಆದ್ದರಿಂದ ನಿಮ್ಮ ಹೋಮಿನಲ್ಲಿ ಜನ ನಿಂತಿದ್ದಾರೆ ಅಂದ ಮಾತ್ರಕ್ಕೆ ಒಳ್ಳೆಯ ಜಾಗ ಅಂತ ತಿಳಿಯಬೇಡಿ. ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಇದ್ದೂ ಎಷ್ಟು ಜನ ಅಲ್ಲೇ ಇದ್ದಾರೆ ಅಂತ ನೋಡಿ. ಇಲ್ಲೇ ಹುಟ್ಟಿದ ಕೇರರ್‌ಗಳು, ಖಾಯಂ ವಾಸ ಸಿಕ್ಕ ಮೇಲೂ ಬಿಡದವರು. ಅವರ ಜೊತೆ ಟೀ ಬ್ರೇಕಿನಲ್ಲಿ ಮಾತಾಡಿ.

ಅಮೆರಿಕದಲ್ಲಿ 2022ರಿಂದ ಪ್ರತಿಯೊಂದು ನರ್ಸಿಂಗ್ ಹೋಮಿನಲ್ಲಿ ಎಷ್ಟು ಸ್ಟಾಫ್ ಬಿಟ್ಟುಹೋದರು ಅನ್ನುವುದನ್ನು ಸರ್ಕಾರದ ವೆಬ್‌ಸೈಟಿನಲ್ಲಿ ನೋಡಬಹುದು. ಇಲ್ಲಿ ಆ ಸೌಲಭ್ಯ ಇಲ್ಲ, ಬಾಯಿಬಿಟ್ಟು ಕೇಳಬೇಕು. ಕಳೆದ ವರ್ಷ ಎಷ್ಟು ಜನ ಬಿಟ್ಟರು, ರಾತ್ರಿ ಪಾಳಿಯಲ್ಲಿ ಏಜೆನ್ಸಿಯವರು ಎಷ್ಟು, ಸಿಕ್ ಪೇ ಕಾನೂನಿನ ಕನಿಷ್ಠವೋ ಪೂರ್ತಿ ಸಂಬಳವೋ, ವಾರಕ್ಕೆ ಇಷ್ಟು ಗಂಟೆ ಕೆಲಸ ಖಾತ್ರಿಯೋ, ಯಾವ ಖಾತ್ರಿಯೂ ಇಲ್ಲದ ಝೀರೋ ಅವರ್ಸ್ ಕಾಂಟ್ರಾಕ್ಟೋ, ತರಬೇತಿ ಹೊತ್ತಿಗೆ ದುಡ್ಡು ಕೊಡುತ್ತಾರೋ. ಮನೆ ಮನೆಗೆ ಹೋಗುವ ಕೇರ್ ಕೆಲಸವಾದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯಕ್ಕೆ ಸಂಬಳ ಉಂಟೋ ಅಂತ ಖಂಡಿತ ಕೇಳಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅದು ಕಾನೂನುಬಾಹಿರ. ಎಷ್ಟೇ ಪರಿಚಯದವರಾಗಲಿ ಕೊಡಬೇಡಿ, ಕೆಲಸಗಾರರ ಹಕ್ಕುಗಳ ಬಗ್ಗೆ ಸಲಹೆ ಕೊಡುವ ಏಕಾಸ್ ಸಹಾಯವಾಣಿಗೆ ಫೋನ್ ಮಾಡಿ ಕೇಳಿ.

ಸಂಬಳದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು, ಕೇರ್ ಕೆಲಸದ ಸಂಬಳ ಬಹಳ ಕಡೆ ಅದರ ಆಸುಪಾಸಿನಲ್ಲೇ. ಇನ್ನೂ ಬೇಸರದ ಸಂಗತಿ ಅನುಭವಕ್ಕೆ ಬೆಲೆ ಇಲ್ಲದಿರುವುದು. ಸ್ಕಿಲ್ಸ್ ಫಾರ್ ಕೇರ್ ಲೆಕ್ಕದಲ್ಲಿ 2023ರ ಮಾರ್ಚ್‌ನಲ್ಲಿ ಐದು ವರ್ಷ ಅನುಭವ ಇದ್ದವರಿಗೆ ಹೊಸಬರಿಗಿಂತ ಗಂಟೆಗೆ ಸಿಗುತ್ತಿದ್ದದ್ದು ಬರೀ 6 ಪೆನ್ಸ್ ಜಾಸ್ತಿ. ಅಜ್ಜಿ ಎಂಟಕ್ಕೆ ಏಳುವವರು ಅನ್ನುವ ತಿಳುವಳಿಕೆಗೆ ಮಾರುಕಟ್ಟೆ ಕಟ್ಟಿದ ಬೆಲೆ ಅದು.

ರಿಸರ್ಚ್ ಕೆಲಸವೇನು ಸ್ವರ್ಗ ಅಲ್ಲ. ಒಂದೆರಡು ವರ್ಷದ ಕಾಂಟ್ರಾಕ್ಟು, ಅನುದಾನ ಮುಗಿದರೆ ಮುಗಿಯಿತು. ಪ್ರಯಾಣ ಬಹಳ. ಕಾಗದ ಪತ್ರ ಅದಕ್ಕಿಂತ ಬಹಳ. ಒಪ್ಪಿಗೆ ಕೊಡುವ ಶಕ್ತಿ ಇಲ್ಲದವರನ್ನು ಅಧ್ಯಯನಕ್ಕೆ ಸೇರಿಸಬೇಕಾದರೆ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ ಅವರನ್ನು ಬಲ್ಲ ಒಬ್ಬರನ್ನು, ಕನ್ಸಲ್ಟಿ ಅನ್ನುತ್ತಾರೆ, ಕೇಳಬೇಕು: ಇವರಿಗೆ ಶಕ್ತಿ ಇದ್ದಿದ್ದರೆ ಹೂಂ ಅನ್ನುತ್ತಿದ್ದರಾ? ಮಗಳು ಹೂಂ ಅಂದು, ಆ ದಿನ ಅಜ್ಜಿ ಮುಖ ತಿರುಗಿಸಿದರೆ ನಾವು ಎದ್ದು ಬರಬೇಕು. ಹೋಮಿಗೆ ಹೋದಾಗ ಒಬ್ಬರನ್ನು ಯಂತ್ರದಿಂದ ಎತ್ತಿ ಕೂರಿಸಲು (ಹಾಯ್ಸ್ಟ್) ಎರಡನೇ ಕೈ ಇಲ್ಲದೆ ಒಬ್ಬ ಕೇರರ್ ಒದ್ದಾಡುತ್ತಿದ್ದರೆ ನೋಟ್‌ಬುಕ್ ಹಿಡಿದು ಕೂತಿರುವುದು ಮಾಜಿ ಕೇರರ್‌ಗೆ ಬಹಳ ಕಷ್ಟ. ನಿಮಗೂ ಆಗುತ್ತದೆ. ವಾರಾಂತ್ಯ ನಮ್ಮದೇ, ರಾತ್ರಿ ನಿದ್ದೆ ಉಂಟು, ಅದು ದೊಡ್ಡ ಸಮಾಧಾನ. ಪಾಳಿ ಕೆಲಸದಲ್ಲಿ ಸ್ನೇಹ ಉಳಿಸಿಕೊಳ್ಳುವುದೇ ಕಷ್ಟ ಅಲ್ವಾ, ಎಲ್ಲರೂ ಸೇರುವ ಹೊತ್ತಿಗೆ ನಾವು ಮಲಗಿರುತ್ತೇವೆ.

ಹಾಗಾಗಿ ನನ್ನ ಉತ್ತರ: ಗ್ರಾಜುಯೇಟ್ ವೀಸಾ ತೆಗೆದುಕೊಳ್ಳಿ, ಎನ್ಎಂಸಿ ಕೆಲಸ ಶುರುಮಾಡಿ, ರಿಸರ್ಚ್ ಹುದ್ದೆಗೆ ಅರ್ಜಿ ಹಾಕಿ. ಹೋಮಿನಲ್ಲಿ ಬ್ಯಾಂಕ್ ಸ್ಟಾಫ್, ಅಂದರೆ ಬೇಕಾದಾಗ ಮಾತ್ರ ಕರೆಸುವ ಕೆಲಸಗಾರರು, ಆಗಿ ಆಗೊಮ್ಮೆ ಈಗೊಮ್ಮೆ ಶಿಫ್ಟ್ ಇಟ್ಟುಕೊಳ್ಳಬಹುದು, ಮೈಗೆ ಆಗುವಷ್ಟು ಮಾತ್ರ. ಅರ್ಜಿಯಲ್ಲಿ ವೃದ್ಧರ ಸೇವೆ ನನಗೆ ಇಷ್ಟ ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಮಾತು ಬಾರದ ಒಬ್ಬರಿಗೆ ಏನು ಬೇಕು ಅಂತ ನೀವು ಯಾವಾಗಲಾದರೂ ಕಂಡುಹಿಡಿದಿರುತ್ತೀರಲ್ಲ, ಹೇಗೆ ಗೊತ್ತಾಯಿತು, ಮುಂದಿನ ಪಾಳಿಯವರಿಗೆ ಅದನ್ನು ಹೇಗೆ ದಾಟಿಸಿದಿರಿ, ಅವರು ಪಾಲಿಸಿದರಾ ಅಂತ ಬರೆಯಿರಿ. ಹೆಸರು, ಹೋಮಿನ ಗುರುತು ಯಾವುದೂ ಬರಬಾರದು. ಕರಡು ಆದ ಮೇಲೆ ಕಳಿಸಿ, ಓದಿ ಹೇಳುತ್ತೇನೆ.