ಗೋವಿನಜೋಳದ ಹೊಲಕ್ಕೆ ಜೊತೆ ಬೆಳೆ

ಪ್ರಶ್ನೆ: ನಮ್ಮದು ಮಳೆಯಾಶ್ರಿತ ಮಸಾರಿ (ಕೆಂಪು ಮಣ್ಣಿನ) ಭೂಮಿ. ವರ್ಷ ವರ್ಷವೂ ಗೋವಿನಜೋಳವನ್ನೇ ಬಿತ್ತುತ್ತಿದ್ದೇವೆ. ಯೂರಿಯಾ ಹೆಚ್ಚಿಸಿದರೂ ಇಳುವರಿ ಏರುತ್ತಿಲ್ಲ. ತೊಗರಿ ಅಥವಾ ಹೆಸರು ಬೆಳೆದರೆ ಮಣ್ಣಿನ ಕಸುವು ಮರಳುತ್ತದೆಯೇ?
– ಓದುಗರು, ರಾಣೇಬೆನ್ನೂರು ತಾಲ್ಲೂಕು

ಉತ್ತರ: ಮರಳುತ್ತದೆ, ಆದರೆ ಬೆಳೆಯ ಉಳಿಕೆಯನ್ನು ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಒಂದು ಕ್ವಿಂಟಲ್ ಕಾಳು ಕೊಡಲು ಗೋವಿನಜೋಳ ಸುಮಾರು 2ರಿಂದ 2.5 ಕಿಲೋ ಸಾರಜನಕವನ್ನು ಹೀರುತ್ತದೆ. ಅದನ್ನು ಯೂರಿಯಾ ತುಂಬಬಲ್ಲದು. ಪೊಟ್ಯಾಷ್ ಬಹುಪಾಲು ಸೊಪ್ಪೆಯಲ್ಲೇ ಇರುವುದರಿಂದ, ಸೊಪ್ಪೆಯನ್ನು ಮೇವಿಗೆ ಸಾಗಿಸಿ ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹಿಂದಿರುಗಿಸದಿದ್ದರೆ ಅದರ ಕೊರತೆ ಪ್ರತಿ ವರ್ಷವೂ ಬೆಳೆಯುತ್ತದೆ. ಎಳೆಯ ಗಿಡದ ಎಲೆಗಳಲ್ಲಿ ಬಿಳಿ ಪಟ್ಟೆ ಕಂಡರೆ ಸತುವಿನ ಕೊರತೆಯನ್ನೂ ಶಂಕಿಸಬೇಕು. ಇವೆರಡನ್ನೂ ಯೂರಿಯಾ ಸರಿಪಡಿಸುವುದಿಲ್ಲ.

ನಿಮ್ಮ ಮಸಾರಿಗೆ ನಾನು ಸೂಚಿಸುವುದು ತೊಗರಿಯನ್ನೇ, ಅದೂ ಗೋವಿನಜೋಳದ ನಾಲ್ಕಾರು ಸಾಲಿಗೊಂದು ಅಕ್ಕಡಿಯಾಗಿ, ಅಂದರೆ ನಡುವಿನ ಸಾಲಿನ ಜೊತೆ ಬೆಳೆಯಾಗಿ. ತೊಗರಿಯ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ಎಲ್ಲರಿಗೂ ಗೊತ್ತು. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಇತರ ಬೆಳೆಗಳಿಗೆ ದಕ್ಕದ ರಂಜಕವನ್ನು ಅದರ ಬೇರು ಸ್ರವಿಸುವ ಆಮ್ಲ ಬಿಡಿಸಿಕೊಳ್ಳುತ್ತದೆ. ಆಳದಿಂದ ಎತ್ತಿದ ಪೋಷಕಾಂಶ ಉದುರೆಲೆಯ ಮೂಲಕ ಮೇಲ್ಮಣ್ಣಿಗೆ ಸೇರುತ್ತದೆ. ಮೊದಲ ತಿಂಗಳುಗಳಲ್ಲಿ ಅದು ನಿಧಾನವಾಗಿ ಬೆಳೆಯುವುದರಿಂದ ಗೋವಿನಜೋಳಕ್ಕೆ ಪೈಪೋಟಿಯೂ ಕಡಿಮೆ. ಸಾಲುಗಳನ್ನು ಬಿಟ್ಟುಕೊಟ್ಟಷ್ಟು ಗೋವಿನಜೋಳ ಸ್ವಲ್ಪ ತಗ್ಗಬಹುದು. ಲೆಕ್ಕ ಹಾಕುವಾಗ ಎರಡೂ ಕಾಳನ್ನು ಸೇರಿಸಿ ನೋಡಿ.

ಹೆಸರಿನ ವಿಷಯ ಬೇರೆ. ಅದು ಗಳಿಸಿದ ಸಾರಜನಕದ ದೊಡ್ಡ ಪಾಲು ಕಾಳಿನೊಡನೆ ಮಾರುಕಟ್ಟೆಗೆ ಹೋಗುತ್ತದೆ. ಗಿಡವನ್ನು ಬುಡಸಮೇತ ಕಿತ್ತು ಹೊಟ್ಟನ್ನೂ ಮಾರಿದರೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ಕಾಯಿ ಬಿಡಿಸಿದ ಮೇಲೆ ಹಸಿ ಗಿಡವನ್ನು ಹರಗಿ ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಗೆ ಅದರ ಫಲ ಸಿಗುತ್ತದೆ.

ಪ್ರಶ್ನೆ: ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಇದು ಬೆಳೆ ಪರಿವರ್ತನೆಯಲ್ಲವೇ?
– ಓದುಗರು, ಗದಗ

ಉತ್ತರ: ಎರಡೂ ದ್ವಿದಳವೇ ಆದ್ದರಿಂದ ಅರ್ಧ ಮಾತ್ರ. ಕಡಲೆಯ ಸೊರಗು ರೋಗದ ಶಿಲೀಂಧ್ರ ಹಲವು ವರ್ಷ ಮಣ್ಣಿನಲ್ಲೇ ಬದುಕಿರುತ್ತದೆ. ಅದೇ ಹೊಲದಲ್ಲಿ ಕಡಲೆ ಮರುಕಳಿಸಿದಷ್ಟೂ ಇಳುವರಿ ಕುಸಿಯುತ್ತದೆ. ಹೆಸರಿನ ನಂತರ ಒಂದೆರಡು ಹಿಂಗಾರಿಗಾದರೂ ಬಿಳಿಜೋಳ ಬಿತ್ತಿ. ಹೆಸರು ಬಿಟ್ಟುಹೋದ ಸಾರಜನಕ ಕಡಲೆಗಿಂತ ಜೋಳಕ್ಕೇ ಹೆಚ್ಚು ಬೇಕು, ದನಗಳಿಗೆ ಕಣಿಕೆಯೂ ಸಿಗುತ್ತದೆ. ಇನ್ನೊಂದು ವರ್ಷ ಕುಸುಬೆಯಾದರೂ ಸರಿ, ಅದರ ತಾಯಿಬೇರು ಎರೆಯ ಆಳದ ತೇವವನ್ನು ಬಳಸಿಕೊಳ್ಳುತ್ತದೆ.