ಪೋಲೆಂಡ್‌ಗೆ ನುಗ್ಗಿದ ಡ್ರೋನ್‌ ಹೊಡೆಯಲು ಎಫ್-35 ಯುದ್ಧವಿಮಾನ ಯಾಕೆ ಬೇಕಾಯಿತು? ಜ್ಯಾಮರ್ ಸಾಲುತ್ತಿರಲಿಲ್ಲವೇ?

ಸಾಲುತ್ತಿರಲಿಲ್ಲ. ಜ್ಯಾಮರ್ ಮಾಡುವುದು ಡ್ರೋನ್‌ಗೂ ಅದನ್ನು ನಡೆಸುವವನಿಗೂ ನಡುವಿನ ರೇಡಿಯೋ ಸಂಪರ್ಕವನ್ನು ಗದ್ದಲದಲ್ಲಿ ಮುಳುಗಿಸುವ ಕೆಲಸ. 2.4 ಅಥವಾ 5.8 ಗಿಗಾಹರ್ಟ್ಸ್‌ನಲ್ಲಿ ಹಾರುವ ಮಾರುಕಟ್ಟೆಯ ಡ್ರೋನ್‌ಗೆ ಅದು ಸಾಕು. ಆದರೆ 2025ರ ಸೆಪ್ಟೆಂಬರ್ 10ರ ನಸುಕಿನಲ್ಲಿ ಪೋಲೆಂಡ್ ಗಡಿ ದಾಟಿದ ಸುಮಾರು 20 ರಷ್ಯನ್ ಡ್ರೋನ್‌ಗಳಲ್ಲಿ ಹಲವು ಗೆರ್ಬೆರಾ: ಪ್ಲೈವುಡ್, ಥರ್ಮೋಕೋಲ್‌ನಂಥ ಹಗುರ ಫೋಮ್‌ನಿಂದ ಮಾಡಿದವು. ಇಂಥವು ಸಾಮಾನ್ಯವಾಗಿ ಮೊದಲೇ ತುಂಬಿಸಿದ ದಾರಿ ಹಿಡಿದು ಹೋಗುತ್ತವೆ. ಕಡಿಯಲು ಸಂಪರ್ಕವೇ ಇರುವುದಿಲ್ಲ. ಜಿಪಿಎಸ್ ಕೆಡಿಸೋಣ ಎಂದರೆ, ರಷ್ಯಾ ಹಾರಿಸುವ ಶಾಹೆದ್ ಎಂಬ ದಾಳಿ ಡ್ರೋನ್‌ಗಳಲ್ಲಿ ಕೊಮೆಟಾ ಎಂಬ ಆಂಟೆನಾ ಸಮೂಹವಿದೆ. ಜ್ಯಾಮಿಂಗ್ ಬರುವ ದಿಕ್ಕಿಗೆ ಅದು ಕಿವುಡಾಗುತ್ತದೆ. ಯುಕ್ರೇನ್ ರಣರಂಗದ ಫೈಬರ್ ಕೇಬಲ್ ಡ್ರೋನ್‌ಗಳಂತೂ ಹಿಂದೆ ಬಿಚ್ಚುತ್ತಾ ಹೋಗುವ ತೆಳು ಕೇಬಲ್‌ನಲ್ಲೇ ಆದೇಶ ಪಡೆಯುತ್ತವೆ, ರೇಡಿಯೋವನ್ನೇ ಬಳಸುವುದಿಲ್ಲ.

ನನ್ನ ಪ್ರಕಾರ ಯುರೋಪಿನ ನಿಜವಾದ ಕೊರತೆ ಹೊಡೆಯುವುದರಲ್ಲಿಲ್ಲ, ಕಾಣುವುದರಲ್ಲಿದೆ. ಲೆಕ್ಕ ಹಾಕಿ ನೋಡಿ. 10 ಮೀಟರ್ ಕಂಬದ ಮೇಲಿನ ರಾಡಾರ್‌ಗೆ 50 ಮೀಟರ್ ಎತ್ತರದಲ್ಲಿ ಬರುವ ಡ್ರೋನ್, ಭೂಮಿಯ ದುಂಡಗಿನಿಂದಾಗಿ, 42 ಕಿ.ಮೀ. ಒಳಗೆ ಬಂದ ಮೇಲಷ್ಟೇ ಕಾಣಬಹುದು. ಅದೂ ಬಯಲಿನಲ್ಲಿ, ಕಾಡು, ಗುಡ್ಡ ಇದ್ದರೆ ಇನ್ನೂ ಕಡಿಮೆ. ಗಂಟೆಗೆ 185 ಕಿ.ಮೀ. ವೇಗಕ್ಕೆ ಸಿಗುವುದು 13-14 ನಿಮಿಷ. ಮೇಲಾಗಿ ಹಳೆಯ ರಾಡಾರ್‌ಗಳು ನಿಧಾನವಾಗಿ ಚಲಿಸುವುದನ್ನೆಲ್ಲ ಹಕ್ಕಿಯೆಂದು ಸೋಸಿಬಿಡುತ್ತವೆ. ಸೋಸುವುದನ್ನು ಸಡಿಲಿಸಿದರೆ ಪರದೆ ತುಂಬ ಹಕ್ಕಿಗಳೇ. ಅದಕ್ಕೇ ಯುಕ್ರೇನ್ ಕಂಬಗಳ ಮೇಲೆ ಮೈಕ್ರೊಫೋನ್ ಕಟ್ಟಿ, ಎಂಜಿನ್ ಸದ್ದಿನಿಂದಲೇ ಶಾಹೆದ್ ದಾರಿ ಗುರುತಿಸುವ ಸ್ಕೈ ಫೋರ್ಟ್ರೆಸ್ ಜಾಲ ಹರಡಿತು. ಒಂದೊಂದರ ಬೆಲೆ ಕೆಲವೇ ನೂರು ಡಾಲರ್. ಗಡಿ ದೇಶಗಳು ಮೊದಲು ಇದನ್ನೇ ಕಲಿಯಬೇಕು ಎಂಬುದು ನನ್ನ ಖಚಿತ ನಿಲುವು.

ಹೊಡೆಯುವುದಕ್ಕೆ ತೋಪು ಒಳ್ಳೆಯದು. ಜರ್ಮನಿಯ ಶಸ್ತ್ರಾಸ್ತ್ರ ಕಂಪನಿ ರೈನ್‌ಮೆಟಾಲ್‌ನ 35 ಮಿ.ಮೀ. ಅಹೆಡ್ ಗುಂಡು ನಳಿಕೆ ಬಿಡುವಾಗಲೇ ಅದರ ವೇಗ ಅಳೆದು, ಯಾವಾಗ ಒಡೆಯಬೇಕೆಂದು ಹೇಳಿ ಕಳಿಸುತ್ತಾರೆ. ಗುರಿಯ ಮುಂದೆ ಒಡೆದು 152 ಟಂಗ್‌ಸ್ಟನ್ ಚೂರು ಚೆಲ್ಲುತ್ತದೆ. ಆದರೆ ವ್ಯಾಪ್ತಿ ಸುಮಾರು 4 ಕಿ.ಮೀ. ಬೆಲರೂಸ್ ಜೊತೆಗಿನ ಪೋಲೆಂಡ್ ಗಡಿಯೊಂದೇ 418 ಕಿ.ಮೀ.; ಒಂದೇ ಸಾಲು ನಿಲ್ಲಿಸಲೂ 50ಕ್ಕಿಂತ ಹೆಚ್ಚು ತೋಪು ಬೇಕು. ಹಾಗಾಗಿ ತೋಪು ವಿದ್ಯುತ್ ಸ್ಥಾವರ, ವಾಯುನೆಲೆಯಂಥ ಜಾಗ ಕಾಯಲು ಸರಿ, ಗಡಿ ಕಾಯಲು ಅಲ್ಲ.

ಆ ರಾತ್ರಿ ಸಮಯಕ್ಕೆ ತಲುಪಬಲ್ಲದ್ದು ವಿಮಾನ ಮಾತ್ರ, ಅದಕ್ಕೇ ನೆದರ್ಲೆಂಡ್ಸ್‌ನ ಎಫ್-35 ಏರಿದವು. ಆದರೆ ಇಂಥ ವಿಮಾನ ಹಾರಿಸುವ ಒಂದು ಸೈಡ್‌ವೈಂಡರ್ ಕ್ಷಿಪಣಿಗೆ ಲಕ್ಷಗಟ್ಟಲೆ ಡಾಲರ್. ದಿನಾ ನೂರಾರು ಡ್ರೋನ್ ಬಂದರೆ ದುಡ್ಡಿಗಿಂತ ಮೊದಲು ಕ್ಷಿಪಣಿ ದಾಸ್ತಾನೇ ಬರಿದಾಗುತ್ತದೆ. ಯುಕ್ರೇನ್‌ನ ಸ್ಟಿಂಗ್‌ನಂಥ, ಗಂಟೆಗೆ 300 ಕಿ.ಮೀ. ಮೀರಿ ಹಾರುವ ಬೇಟೆ ಡ್ರೋನ್‌ಗಳು ಕೆಲವು ಸಾವಿರ ಡಾಲರ್‌ಗೆ ಆಗುತ್ತವೆ. ಅವಕ್ಕೂ ಗುರಿ ಎಲ್ಲಿದೆಯೆಂದು ನೆಲದಿಂದ ಯಾರಾದರೂ ತೋರಿಸಲೇಬೇಕು.