ಗ್ರಂಥಿಗೆ ಅಂಗಡಿಗೆ ಹೋಗುವ ಮುನ್ನ

ಪ್ರಶ್ನೆ: ನಮ್ಮ ಪೇಟೆಬೀದಿಯಲ್ಲಿ ಮೂರು ತಲೆಮಾರಿನಿಂದ ಒಂದೇ ಮನೆಯವರು ನಡೆಸುತ್ತಿರುವ ಗ್ರಂಥಿಗೆ ಅಂಗಡಿಯಿದೆ (ನಾರುಬೇರು, ಪೂಜೆಯ ಸಾಮಾನು ಮಾರುವ ಅಂಗಡಿ). ಡಬ್ಬಗಳ ಮೇಲೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಸೀಗೆಪುಡಿಗೆ ಸಾಮಾನು ತರಬೇಕು. ಏನು ಕೇಳಲಿ, ಏನು ನೋಡಲಿ?
— ಓದುಗರು, ತುಮಕೂರು

ಉತ್ತರ: ಚೀಟಿ ಬರೆದುಕೊಂಡೇ ಹೋಗಿ. ಹೆಸರು, ತೂಕದ ಜೊತೆಗೆ ಯಾತಕ್ಕೆ ಬೇಕೆಂಬುದನ್ನೂ ಹೇಳಿ. ಅದನ್ನು ಕೇಳಿಯೇ ಅವರು ಸರಿಯಾದ ಡಬ್ಬಕ್ಕೆ ಕೈ ಹಾಕುವುದು. ಹಬ್ಬದ ಹಿಂದಿನ ದಿನ ಮಾತ್ರ ಬೇಡ, ನಿಮ್ಮ ಮಾತು ಕೇಳಲು ಅವರಿಗೆ ಪುರಸೊತ್ತಿರುವುದಿಲ್ಲ.

ಸೀಗೆಕಾಯಿ 1 ಕೆ.ಜಿ.ಗೆ ಅಂಟುವಾಳದ ಸಿಪ್ಪೆ 250 ಗ್ರಾಂ, ಮೆಂತ್ಯ 100 ಗ್ರಾಂ, ಒಣಗಿದ ದಾಸವಾಳದೆಲೆ ಒಂದು ಹಿಡಿ. ಒಂದು ಸೀಗೆಕಾಯಿ ಮುರಿದು ನೋಡಿ: ಟಕ್ಕೆಂದು ಮುರಿಯಬೇಕು. ಬಾಗಿದರೆ ತೇವವಿದೆ, ತೂಕದಲ್ಲಿ ನಷ್ಟ, ಪುಡಿಯೂ ಬೇಗ ಬೂಸ್ಟು ಹಿಡಿಯುತ್ತದೆ. ಅಂಟುವಾಳದಲ್ಲಿ ನೊರೆ ಬರುವುದು ಸಿಪ್ಪೆಯಿಂದ; ಕರಿ ಬೀಜ ಕಲ್ಲಿನಷ್ಟು ಗಟ್ಟಿ, ಗಿರಣಿಗೆ ಹಾಕುವಂತಿಲ್ಲ. ಬೀಜ ಸಮೇತ ಕೊಡುವುದಾದರೆ ಅದಕ್ಕೆ ತಕ್ಕಂತೆ ಹೆಚ್ಚು ತೂಗಿಸಿಕೊಳ್ಳಿ. ಎಲ್ಲವನ್ನೂ ಎರಡು ದಿನ ಬಿಸಿಲಿಗೆ ಹರಡಿ, ಸೀಗೆಪುಡಿ ಬೀಸುವ ಗಿರಣಿಗೇ ಒಯ್ಯಿರಿ. ಹಿಟ್ಟಿನ ಗಿರಣಿಯಲ್ಲಿ ಬೀಸಿದರೆ ಮುಂದಿನವರ ರಾಗಿ ಕಹಿಯಾಗುತ್ತದೆ, ಪಾಪ.

ಅಲ್ಲಿ ಕರ್ಪೂರವನ್ನೂ ಕೊಳ್ಳುವುದಾದರೆ ಎಚ್ಚರ. ಲಾಡಿಗೆ, ತೀರ್ಥಕ್ಕೆ ಹಾಕುವುದು ಪಚ್ಚಕರ್ಪೂರ, ಅದೂ ಚಿಟಿಕೆಗಿಂತ ಕಡಿಮೆ. ಆರತಿ ಕರ್ಪೂರ ಹೊಟ್ಟೆಗೆ ಹೋಗಬಾರದು. ಚಿಕ್ಕ ಮಕ್ಕಳು ನುಂಗಿದರೆ ಫಿಟ್ಸ್ ಬರುವ ಅಪಾಯವಿದೆ. ಎರಡನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಸಿ, ಅಂಗಡಿಯಲ್ಲೇ ಹೆಸರು ಬರೆಸಿಕೊಳ್ಳಿ.